ಬಾಗಿಲು ಬಾರದ ಭಾನುವಾರ

ಮಾವು ಹೂ ಬಿಟ್ಟಿತ್ತು, ಬೆಳಗಿನ ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಮೊದಲ ಬಸ್ಸು ಬರುವ ಹೊತ್ತು, ಏಳೂಕಾಲು ಇರಬೇಕು. ನಾನು ಆಗಲೇ ದೇವಾಲಯದ ಬಾಗಿಲು ಹುಡುಕಿ, ಕೂಗಿ ಹೇಳಿ, ಒಳಗೆ ಕಸ ಹೊಡೆದು, ಸಭೆಯವರ ಜೊತೆ ಬಸ್ಸು ನಿಲ್ಲುವ ಕಟ್ಟೆಗೆ ಬಂದು ನಿಂತಿದ್ದೆ. ಹೊಸ ಅಯ್ಯನವರು ಬರುವವರಿದ್ದರು.

ನಮ್ಮ ಕ್ರೈಸ್ತರಲ್ಲಿ ಸಭಾಪಾಲಕರಿಗೆ, ಅಂದರೆ ಪಾದ್ರಿಗೆ, ಅಯ್ಯನವರು ಅನ್ನುತ್ತೇವೆ, ಅವರ ಹೆಂಡತಿಗೆ ಅಮ್ಮನವರು. ಮೂರನೆಯ ಹೆಸರು ನಮ್ಮ ಊರಲ್ಲಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸಭೆಗಳ ಮೇಲಿನ ಕಚೇರಿಯಿಂದ ಬಂದ ಪತ್ರವನ್ನು ಸಭೆಯ ಹಿರಿಯರಾದ ತಿಮೋತಿ ಮಾಸ್ತರರು ಮೂರು ಭಾನುವಾರ ಓದಿ ಹೇಳಿದ್ದರು: ‘ಸಭಾಪಾಲಕರಾದ ಪ್ರ. ಬೆಂಡಿಗೇರಿ ಅವರು ನಿಮ್ಮಲ್ಲಿಗೆ ಬರುತ್ತಾರೆ. ಅವರನ್ನು ಪ್ರೀತಿಯಿಂದ ಸ್ವೀಕರಿಸಿರಿ.’ ಬರುತ್ತಾರೆ ಅಂದರೆ ಗಂಡಸು ಎಂದು ನಾವೆಲ್ಲ ತಿಳಿದೆವು. ಮರ್ಯಾದೆಯ ಮಾತಿನಲ್ಲಿ ಗಂಡು ಹೆಣ್ಣು ಗೊತ್ತಾಗುವುದಿಲ್ಲವೆಂಬುದು ಮಾಸ್ತರರಿಗೂ ಹೊಳೆಯಲಿಲ್ಲ, ಶಾಲೆಯಲ್ಲಿ ಮೂವತ್ತು ವರ್ಷ ವ್ಯಾಕರಣ ಕಲಿಸಿದವರಿಗೆ. ಅವರು ಜರಿಯ ಪೇಟ ತರಿಸಿ ಎರಡೂ ಕೈಯಲ್ಲಿ ಹಿಡಿದು ಎಲ್ಲರ ಮುಂದೆ ನಿಂತಿದ್ದರು.

ಬಸ್ಸಿನಿಂದ ಒಬ್ಬ ಹೆಂಗಸು ಇಳಿದಳು. ನಲವತ್ತೈದರ ವಯಸ್ಸು, ಬಿಳಿ ಹತ್ತಿಯ ಸೀರೆ, ಕೈಯಲ್ಲಿ ಹಗ್ಗ ಬಿಗಿದ ಟ್ರಂಕು. ನಾವು ಅವಳಾಚೆಗೆ ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದೆವು.

ಮಾಸ್ತರರ ಹೆಂಡತಿ ದೀನವ್ವ ಮುಂದೆ ಹೋಗಿ ಕೈ ಮುಗಿದಳು. ‘‘ಬರ್ರಿ ಅಮ್ಮನವರ. ಅಯ್ಯನವರು ಹಿಂದ ಇಳೀತಾರೇನ್ರಿ?’’

‘‘ಹಿಂದ ಯಾರೂ ಇಲ್ರಿ,’’ ಅಂದಳು ಅವಳು. ‘‘ನಾನ ಬಂದೀನಿ. ಪ್ರಫುಲ್ಲಾ ಬೆಂಡಿಗೇರಿ.’’

ಬಸ್ಸು ಹೊರಟಿತು. ‘‘ಒಳಗ ಯಾರರ ಮಲಗಿಬಿಟ್ಟಿದ್ರೇನೋ, ನಿಲ್ಲಸಬೇಕಿತ್ತು,’’ ಎಂದು ಹಿಂದಿನಿಂದ ಯಾರೋ ಅಂದರು. ಮಾಸ್ತರರು ಧೂಳು ಅಡಗುವವರೆಗೆ ಬಸ್ಸು ಹೋದ ದಾರಿ ನೋಡಿದರು. ಪೇಟ ಕೈಯಲ್ಲೇ ಇತ್ತು. ಆಕೆ ತಾನೇ ಹತ್ತಿರ ಹೋಗಿ ಅದನ್ನು ತೆಗೆದುಕೊಂಡಳು. ‘‘ಭಾಳ ಚೊಲೋ ಐತ್ರಿ. ತುರುಬಿನ ಮ್ಯಾಲ ಕೂಡೂದಿಲ್ಲ, ಇರಲಿ, ಮನ್ಯಾಗ ಇಟಗೋತೀನಿ,’’ ಎಂದು ನಕ್ಕಳು. ದೀನವ್ವ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಮಾಸ್ತರರು ನಗಲಿಲ್ಲ. ನಾನೂ ನಗಲಿಲ್ಲ.

ನನ್ನ ವಿಷಯ ಹೇಳಬೇಕು. ನಮ್ಮ ದೇವಾಲಯದ ಬಾಗಿಲು ಒಂದೇ ಕಡೆ ಇರುವುದಿಲ್ಲ. ಇವತ್ತು ಮೂಡಣ ಗೋಡೆಯಲ್ಲಿದ್ದರೆ ನಾಳೆ ಬಡಗಣ ಗೋಡೆಯಲ್ಲಿ. ಕೆಲವು ಸಲ ಪ್ರಸಂಗಪೀಠದ ಪಕ್ಕಕ್ಕೇ ಬಂದುಬಿಡುತ್ತದೆ. ಆಗ ತಡವಾಗಿ ಬಂದವರು ಇಡೀ ಸಭೆಗೆ ಮುಖ ಕೊಟ್ಟುಕೊಂಡು ಒಳಗೆ ಬರಬೇಕು. ಅದಕ್ಕೇ ನಮ್ಮೂರಲ್ಲಿ ಆರಾಧನೆಗೆ ತಡವಾಗಿ ಬರುವವರು ಕಡಿಮೆ. ಗೋಡೆಯ ಸುತ್ತ ಗಾಣದ ಎತ್ತು ತಿರುಗಿದ ಹಾಗೆ ದಾರಿ ಸವೆದಿದೆ. ಮದುವೆಯ ಬ್ಯಾಂಡಿನವರು ಬಾಗಿಲು ಯಾವ ಕಡೆ ಎಂದು ಕೇಳಿಕೊಂಡೇ ಹೊರಡುತ್ತಾರೆ. ಒಮ್ಮೆ ಮನೆ ನಂಬರು ಬರೆಯುವವರು ಬಂದು ಬಾಗಿಲ ಪಕ್ಕ ನೀಲಿ ಬಣ್ಣದಲ್ಲಿ ನಂಬರು ಬರೆದು ಹೋದರು. ಮರುದಿನ ಬಾಗಿಲು ಅಲ್ಲಿರಲಿಲ್ಲ, ನಂಬರು ಉಳಿಯಿತು.

ಹುಡುಕುವುದು ಹೆಂಗಸರ ಕೆಲಸ. ನನಗೆ ಕಲಿಸಿದವರು ನಮ್ಮ ಅತ್ತೆ ಸೂಸನ್ನವ್ವ. ಬೆಳಕು ಹರಿಯುವಾಗ ಎಡಗೈ ಗೋಡೆಗೆ ಒತ್ತಿಕೊಂಡು ಸುತ್ತಬೇಕು. ಕಣ್ಣಿಗೆ ಬರೀ ಸುಣ್ಣದ ಗೋಡೆ. ಎಲ್ಲೋ ಒಂದು ಕಡೆ ಅಂಗೈಗೆ ಬೆಚ್ಚಗೆ ಕಟ್ಟಿಗೆ ಹತ್ತುತ್ತದೆ. ಆಗ ನಿಂತು, ‘‘ಇಲ್ಲೈತಿ!’’ ಎಂದು ಕೂಗಬೇಕು. ಕೂಗಿದ ಮೇಲೆ ಎಲ್ಲರ ಕಣ್ಣಿಗೂ ಬಾಗಿಲು ಕಾಣುತ್ತದೆ. ಕೂಗುವವರೆಗೆ ಅದು ಮುಟ್ಟಿದವಳಿಗೆ ಮಾತ್ರ. ನಲವತ್ತಮೂರು ವರ್ಷ ಈ ಕೆಲಸ ಮಾಡಿದ್ದೆ. ಐದು ಅಯ್ಯನವರು ನನ್ನ ಕೂಗು ಕೇಳಿ ಒಳಗೆ ಹೋಗಿದ್ದರು. ನನಗೆ ಓದು ಅಷ್ಟಕ್ಕಷ್ಟೇ, ಕೀರ್ತನೆ ಪುಸ್ತಕದ ದಪ್ಪಕ್ಷರ ಕೂಡಿಸಿ ಓದುತ್ತೇನೆ. ಆದರೂ ಭಾನುವಾರ ಬೆಳಿಗ್ಗೆ ಮಾಸ್ತರರಂಥವರೂ ಚಪ್ಪಲಿ ಬಿಟ್ಟು ನನ್ನ ಬಾಯಿ ನೋಡುತ್ತ ನಿಲ್ಲುತ್ತಿದ್ದರು. ಗೋಡೆಯ ಹೊರಗಿನದು ನಮ್ಮದು, ಒಳಗಿನದು ಗಂಡಸರದು. ಯಾರೂ ಬರೆದಿಡದ ಒಂದು ಹಂಚಿಕೆ ಅದು. ಒಳಗೂ ಹೆಂಗಸೇ ಬಂದರೆ ಹೊರಗೆ ನನಗೇನು ಉಳಿಯುತ್ತದೆ ಎಂದು ಆ ಬಸ್ಸಿನ ಕಟ್ಟೆಯಲ್ಲೇ ನಾನು ಕೇಳಿಕೊಂಡಿದ್ದೆ.

ಮಾಸ್ತರರು ಅಂದೇ, ಹೆಂಗಸು ಬೇಡವೆಂದು ಮೇಲಕ್ಕೆ ಬರೆದರು. ಉತ್ತರ ಬಂತು. ಆರು ತಿಂಗಳು ಆಕೆ ಬರೀ ಪ್ರಸಂಗ ಮಾಡಬೇಕು, ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುವುದಕ್ಕೆ ಪಕ್ಕದೂರಿನ ಅಯ್ಯನವರು ಬರುತ್ತಾರೆ. ಆರನೆಯ ತಿಂಗಳ ಕೊನೆಯ ಭಾನುವಾರ ಎಲ್ಲ ಸಭೆಗಳ ಮೇಲಿನ ಅಧ್ಯಕ್ಷರು ಬಂದು ಕೂತು ನೋಡುತ್ತಾರೆ. ಅಂದು ಅವರ ಎದುರು ಆಕೆ ದೇವಾಲಯದೊಳಗೆ ಕರ್ತನ ಭೋಜನ ನಡೆಸಿಕೊಟ್ಟರೆ ಖಾಯಂ. ಇಲ್ಲವಾದರೆ ಬಂದ ದಾರಿಗೇ ಹೋಗಬೇಕು.

ಆಕೆಯನ್ನು ಕರೆಯುವುದು ಏನೆಂದು? ಅಮ್ಮನವರು ಅಂದರೆ ಜನ ಗಂಡನನ್ನು ಹುಡುಕುತ್ತಿದ್ದರು, ಅಯ್ಯನವರು ಅನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಕೊನೆಗೆ ಹೆಂಗಸರು ಶಾಲೆಯ ಟೀಚರಿಗೆ ಅನ್ನುವ ಹಾಗೆ ಅಕ್ಕೋರು ಅಂದರು. ಮಾಸ್ತರರು ಏನೂ ಅನ್ನುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ ‘‘ಇವರು ಇವತ್ತ ಯಾವ ಅಧ್ಯಾಯ ಓದತಾರಂತ?’’ ಎಂದು ಕೇಳುತ್ತಿದ್ದರು. ಆಕೆ ಪೀಠದ ಮೇಲೆ ಓದುವಾಗ ತಾವು ಕೆಳಗೆ ಬೈಬಲ್ ತೆರೆದು ಸಾಲಿನ ಕೆಳಗೆ ಬೆರಳು ಓಡಿಸುತ್ತಿದ್ದರು, ತಪ್ಪು ಸಿಕ್ಕೀತೆಂದು. ಗಂಡಸರು ಕೀರ್ತನೆಗಳನ್ನು ಗುನುಗಿದರೇ ಹೊರತು ಹಾಡಲಿಲ್ಲ. ನಾನು ಹಿಂದಿನ ಚಾಪೆಯಲ್ಲಿ ಕೂತು ಆಕೆಯ ಮಾತು ಕೇಳುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ಯಾಕೆಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಬೇಸಿಗೆಯಲ್ಲಿ ಒಂದು ಸಂಜೆ ನಮ್ಮ ಮನೆಗೆ ಬಂದಳು. ಶ್ಯಾವಿಗೆ ಒಣಹಾಕಿದ್ದೆ. ಕಟ್ಟೆಯ ಮೇಲೆ ಕೂತು ಕಾಗೆ ಓಡಿಸುತ್ತ ಕೇಳಿದಳು: ‘‘ರಾಹೇಲವ್ವ, ನಿಮಗ ಆರಾಮ ಇಲ್ಲದ ದಿನ ಬಾಗಲಾ ಯಾರು ಹುಡಕ್ತಾರ?’’

‘‘ಅಂಥಾ ದಿನ ಬಂದಿಲ್ರಿ.’’

‘‘ಬಂದ್ರ?’’

‘‘ಸೊಸಿ ಕೈಗೆ ಬಾಗಲಾ ಸಿಗೂದಿಲ್ಲ. ಹೆಣ್ಣಮಕ್ಕಳು ನನಗಿಲ್ಲ.’’

‘‘ನಿಮ್ಮ ಮನಿಯವರ ಆಗಬೇಕಂತೇನೈತಿ? ಬ್ಯಾರೇ ಯಾರಿಗರ ಕಲಿಸಬಹುದಲ್ಲ?’’

ನನ್ನ ಕೈಯಲ್ಲಿದ್ದ ಶ್ಯಾವಿಗೆ ಮುರಿಯಿತು. ಬೇರೆ ಯಾರಿಗೆ? ಹೀಗೆ ಕೇಳುವವರಿಗೇ ಅಲ್ಲವೇ? ಚಹಾ ಕೊಟ್ಟೆ, ಸಕ್ಕರೆ ಕಡಿಮೆ ಹಾಕಿದೆ.

ಅದಾಗಿ ಎರಡು ವಾರಕ್ಕೆ, ಬೆಳಿಗ್ಗೆ ನಲ್ಲಿಯ ಹತ್ತಿರ ಎದುರಾದಳು. ಕೊಡ ಬಲಗೈಯಲ್ಲಿ. ಎಡ ಅಂಗೈ ಬೆಳ್ಳಗಿತ್ತು.

‘‘ಏನ್ರಿ ಅಕ್ಕೋರ, ಕೈಗೆ ಸುಣ್ಣ?’’

ಆಕೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ‘‘ಜಾರಿಕಿ ಇತ್ತು, ಗೋಡಿ ಹಿಡಕೊಂಡು ಬಂದ್ನಿ.’’

ಎಂಟು ದಿನದಿಂದ ಮಳೆಯ ಹನಿ ಬಿದ್ದಿರಲಿಲ್ಲ. ನೆಲ ಕಾದ ಹೆಂಚಿನಂತೆ ಒಣಗಿತ್ತು. ಪೀಠದ ಮೇಲೆ ನಿಲ್ಲುವವಳು ನನ್ನ ಮುಖ ನೋಡಿ ಸುಳ್ಳು ಹೇಳಿದ್ದಳು. ಆ ಹೊತ್ತಿನಿಂದ ಆಕೆ ಒಳ್ಳೆಯದು ಮಾಡಿದರೂ ನನಗೆ ಅದರ ಹಿಂದೆ ಸುಣ್ಣ ಹತ್ತಿದ ಆ ಕೈಯೇ ಕಾಣುತ್ತಿತ್ತು. ಬಾಣಂತಿಯರ ಮನೆಗೆ ಹೋದರೆ ಜನರನ್ನು ಒಲಿಸಿಕೊಳ್ಳಲು ಅಂದೆ. ಜ್ವರ ಬಂದ ಮುದುಕನ ಹತ್ತಿರ ಎರಡು ದಿನ ಕೂತರೆ ಅವನು ಸಭೆಯ ಹಿರಿಯರಲ್ಲೊಬ್ಬನ ತಂದೆ, ಅದಕ್ಕೇ ಅಂದೆ.

ಆರನೆಯ ತಿಂಗಳ ಕೊನೆಯ ಶುಕ್ರವಾರ ಮಾಸ್ತರರು ನಮ್ಮ ಮನೆಗೆ ಬಂದರು. ನಾನು ಮದುವೆಯಾಗಿ ಬಂದಾಗಿನಿಂದ ಅವರು ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು.

‘‘ಆಕಿ ಮ್ಯಾಲಕ ಬರದಾಳ, ರಾಹೇಲವ್ವ. ಒಂದ ಕಡೆ ಗೋಡಿ ಒಡದು, ಕಬ್ಬಣದ ಚೌಕಟ್ಟ ಹಾಕಿ ಖಾಯಂ ಬಾಗಲಾ ಕೂಡ್ರಸಬೇಕಂತ. ಆಮ್ಯಾಲ ಹುಡುಕು ಕೆಲಸನ ಇರೂದಿಲ್ಲ.’’

‘‘ನೀವು ಪತ್ರ ನೋಡೀರೇನ್ರಿ ಮಾಸ್ತರ್ರ?’’

‘‘ನೋಡಬೇಕೇನು? ತಿಳೀತೈತಿ.’’ ಕೋಲಿನ ತುದಿಯಿಂದ ನೆಲ ಗೀಚಿದರು. ‘‘ನೀ ಏನೂ ಮಾಡಬ್ಯಾಡ. ಸುಮ್ಮನ ಇರು, ಒಂದ ಭಾನುವಾರ.’’

‘‘ಬಾಗಲಾ ಕೈಗೆ ಸಿಕ್ಕರ?’’

‘‘ಸಿಗಲಿಲ್ಲ ಅಂದ್ರ ಸಿಗಲಿಲ್ಲ. ನಿನ್ನ ಮಾತಿಗೆ ಎದುರು ಮಾತ ಆಡವರು ಈ ಊರಾಗ ಯಾರದಾರ?’’

ಅದು ನಿಜವಾಗಿತ್ತು. ನನಗೆ ಹಿತವಾಗಿಯೂ ಇತ್ತು.

ಆ ಭಾನುವಾರ ಮೋಡ ಕವಿದಿತ್ತು, ಮಳೆ ಇರಲಿಲ್ಲ. ಅಧ್ಯಕ್ಷರು ಜೀಪಿನಲ್ಲಿ ಬಂದು ಬೇವಿನ ಗಿಡದ ಕೆಳಗೆ ಹಾಕಿದ ಕುರ್ಚಿಯಲ್ಲಿ ಕೂತರು. ಅರವತ್ತೆರಡು ಜನ ಚಪ್ಪಲಿ ಬಿಟ್ಟು ನಿಂತಿದ್ದರು. ಆಕೆ ಬಿಳಿ ನಿಲುವಂಗಿ ತೊಟ್ಟು ಎಲ್ಲರಿಗಿಂತ ಹಿಂದೆ ನಿಂತಿದ್ದಳು. ನಾನು ಎಡಗೈ ಗೋಡೆಗೆ ಒತ್ತಿ ಹೊರಟೆ. ತೆಂಕಣ ಗೋಡೆಯಲ್ಲಿ, ನಡುವಿಗಿಂತ ತುಸು ಆಚೆ, ಬೆಚ್ಚಗೆ ಹತ್ತಿತು. ಕಟ್ಟಿಗೆಯ ನಾರು ನಾರೂ ಗೊತ್ತಾಯಿತು. ಚಿಲಕ ಕಣ್ಣೆದುರು ಬಂತು. ನಾನು ನಿಲ್ಲಲಿಲ್ಲ. ಹೆಜ್ಜೆಯ ಮೇಲೆ ಹೆಜ್ಜೆ ಹಾಕಿ ಸುತ್ತು ಮುಗಿಸಿ ಎಲ್ಲರ ಮುಂದೆ ಬಂದೆ.

‘‘ಇಲ್ರಿ,’’ ಅಂದೆ. ‘‘ಇವತ್ತ ಬಾಗಲಾ ಬಂದಿಲ್ಲ.’’

ಆಕೆ ಜನರ ನಡುವಿನಿಂದ ನನ್ನ ಹತ್ತಿರ ಬಂದಳು. ನನ್ನ ಮುಖ ನೋಡಿದಳು, ಆಮೇಲೆ ಕೈ ನೋಡಿದಳು.

‘‘ಇನ್ನೊಮ್ಮೆ ಸುತ್ತತೀರೇನು, ರಾಹೇಲವ್ವ?’’

ಸುತ್ತಿದೆ. ತೆಂಕಣ ಗೋಡೆಗೆ ಬಂದಾಗ ಅಂಗೈಯನ್ನು ಗೋಡೆಯಿಂದ ಒಂದು ಬೆರಳಿನಷ್ಟು ಎತ್ತಿ ದಾಟಿಸಿದೆ. ತಿರುಗಿ ಬಂದು ತಲೆಯಾಡಿಸಿದೆ.

‘‘ಹಂಗಾದ್ರ ಇಲ್ಲ,’’ ಅಂದಳು ಆಕೆ, ಎಲ್ಲರಿಗೂ ಕೇಳುವಂತೆ. ‘‘ರಾಹೇಲವ್ವ ಇಲ್ಲ ಅಂದ್ರ ಇಲ್ಲ.’’

‘‘ಗಿಡದ ಬುಡಕ್ಕ ಮಾಡೂಣಲ್ರಿ,’’ ಎಂದಳು ದೀನವ್ವ. ‘‘ರೊಟ್ಟಿ ಎಲ್ಲಿ ಮುರದ್ರೂ ರೊಟ್ಟೀನ.’’

‘‘ನೀ ಸುಮ್ಮನಿರ,’’ ಎಂದರು ಮಾಸ್ತರರು. ‘‘ದೇವಾಲಯದೊಳಗ ಅಂತ ಬರದಾರ. ಬರದದ್ದು ಬರದದ್ದು.’’ ಅಧ್ಯಕ್ಷರು ಗಡಿಯಾರ ನೋಡಿಕೊಂಡರು, ಆಕೆಯನ್ನು ನೋಡಿದರು, ‘‘ನಿಯಮ ನಾನು ಮಾಡಿದ್ದಲ್ಲಮ್ಮ,’’ ಎಂದು ಹೇಳಿ ಕಾಗದದ ಮೇಲೆ ಏನೋ ಬರೆದರು. ಹನ್ನೊಂದಕ್ಕೆ ಜೀಪು ಹೋಯಿತು. ಜನ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋದರು. ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಎಲ್ಲರೂ ಹೋದ ಮೇಲೆ, ಊಟದ ಹೊತ್ತಿಗೆ, ನಾನು ಮತ್ತೆ ಹೋದೆ. ಕಸ ಹೊಡೆದಿರಲಿಲ್ಲ, ಅದೊಂದು ನೆವ. ತೆಂಕಣ ಗೋಡೆಗೆ ಕೈಯಿಟ್ಟು ಚಿಲಕ ತೆಗೆದು ಒಳಗೆ ಕಾಲಿಟ್ಟೆ.

ಒಳಗೆ ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿತ್ತು. ತಟ್ಟೆಯಲ್ಲಿ ರೊಟ್ಟಿ ಸಣ್ಣ ಸಣ್ಣ ತುಂಡಾಗಿ ಕೊಯ್ದಿಟ್ಟಿತ್ತು, ಒಣಗದಂತೆ ಮೇಲೊಂದು ಒದ್ದೆ ಅರಿವೆ. ಪುಟ್ಟ ಗ್ಲಾಸುಗಳಲ್ಲಿ ದ್ರಾಕ್ಷಾರಸ ಬಗ್ಗಿಸಿ ಸಾಲು ಹಿಡಿದು ಇಟ್ಟಿತ್ತು. ನಾನು ಬೆಳಿಗ್ಗೆ ಗೋಡೆ ಮುಟ್ಟುವ ಮೊದಲೇ ಆಕೆ ಒಳಗೆ ಬಂದು ಹೋಗಿದ್ದಳು. ನಾನು ಇಲ್ಲ ಅಂದಾಗ, ಇದೆ ಎಂಬುದು ಆಕೆಗೆ ಗೊತ್ತಿತ್ತು. ಒಂದು ಮಾತು ಕೂಗಿದ್ದರೆ ಸಾಕಿತ್ತು.

ನೆಟ್ಟಗೆ ಆಕೆಯ ಮನೆಗೆ ಹೋದೆ. ಹಿತ್ತಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

‘‘ಮೇಜ ಹಾಸಿತ್ತು,’’ ಅಂದೆ.

‘‘ಹ್ಞೂ.’’

‘‘ನಿಮಗ ಯಾವಾಗಿಂದ ಸಿಗತೈತಿ?’’

‘‘ಬ್ಯಾಸಗಿಯಿಂದ. ಮೊದಲ ಸಲ ಸಿಕ್ಕ ದಿನಾನ ನಲ್ಲಿ ಹತ್ರ ನೀವು ಕೈ ನೋಡಿದ್ರಿ. ನಿಮ್ಮ ಕೆಲಸ ಕಸಗೋಳಾಕ ಬಂದೀನಿ ಅಂತ ತಿಳಕೋತೀರಿ ಅಂತ ಹೆದರಿ ಸುಳ್ಳ ಹೇಳಿದ್ನಿ. ಹೇಳಬಾರದಿತ್ತು.’’

‘‘ಗೋಡಿ ಒಡಸತೀನಿ ಅಂತ ಬರದೀರಂತ?’’

‘‘ಒಡದ್ರ ಬಾಗಲಾ ಎಲ್ಲಿಗೆ ಬರಬೇಕು?’’ ಆಕೆಗೆ ನಗು ಬಂತು, ಪೂರ್ತಿ ನಗಲಿಲ್ಲ.

‘‘ಇವತ್ತ ಯಾಕ ಬಾಯಿ ಬಿಡಲಿಲ್ಲ?’’ ನನ್ನ ದನಿ ಏರಿತ್ತು, ತಪ್ಪು ಆಕೆಯದೇ ಎಂಬಂತೆ.

ಆಕೆ ಮೊರ ಕೆಳಗಿಟ್ಟಳು. ‘‘ಬಿಟ್ಟಿದ್ರ ಅಷ್ಟು ಜನರ ಮುಂದ ನೀವು ಸುಳ್ಳಿ ಆಗತಿದ್ರಿ. ಅವರು ಬಾಗಲಾ ನೋಡೂದು ಕಣ್ಣಿಲೆ ಅಲ್ಲ ರಾಹೇಲವ್ವ, ನಿಮ್ಮ ಮಾತಿಲೆ. ಮಾತ ಹೋದ್ರ ನಾಳೆ ನೀವು ಎಷ್ಟ ಕೂಗಿದ್ರೂ ಅವರಿಗೆ ಗೋಡಿನ. ನನಗಂತೂ ಮೊದಲಿಂದ ಯಾರೂ ನಂಬಿಲ್ಲ. ಇಬ್ಬರದೂ ಹೋದ್ರ ಈ ಜನ ಒಳಗ ಹೆಂಗ ಹೋಗಬೇಕು?’’

ನಾನು ತಿರುಗಿ ಮನೆಗೆ ಹೊರಟೆ. ದಾರಿಯುದ್ದಕ್ಕೂ ಇದರಲ್ಲೂ ಏನೋ ಇದೆ ಎಂದೇ ಯೋಚಿಸಿದೆ. ಸುಮ್ಮನಿದ್ದದ್ದು ಕರುಣೆಗೋ, ನಾನೇ ನನ್ನೊಳಗೆ ಬೇಯಲಿ ಎಂದೋ? ಇವತ್ತಿಗೂ ಆ ಅನುಮಾನ ಪೂರ್ತಿ ಹೋಗಿಲ್ಲ. ಅನುಮಾನ ಪಟ್ಟವಳು ನಾನು, ಅದು ನನ್ನ ಜೊತೆಗೇ ಹೋಗುತ್ತದೆ. ಆದರೆ ಆ ಸುಳ್ಳು ಹೇಳಿದವಳೂ ನಾನೇ.

ಮಂಗಳವಾರ ಮಾಸ್ತರರ ಪಡಸಾಲೆಯಲ್ಲಿ ಹಿರಿಯರೆಲ್ಲ ಕೂಡಿದ್ದರು. ಕರೆಯದೆ ಹೋದೆ. ನಿಂತುಕೊಂಡೇ ಹೇಳಿದೆ: ‘‘ಭಾನುವಾರ ಬಾಗಲಾ ಇತ್ತು. ತೆಂಕಣ ಗೋಡ್ಯಾಗ. ನಾ ಸುಳ್ಳ ಹೇಳಿದ್ನಿ. ಅಧ್ಯಕ್ಷರಿಗೆ ಹಂಗ ಬರೀರಿ, ಅಕ್ಕೋರ ತಪ್ಪಿಲ್ಲ.’’

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ‘‘ಭಾನುವಾರ ಇಲ್ಲ ಅಂದಿ. ಮಂಗಳವಾರ ಇತ್ತು ಅಂತಿ. ಎರಡೂ ನಿನ್ನ ಬಾಯಿಂದ ಬಂದದ್ದ. ಯಾವದನ್ನ ಬರೀಬೇಕು?’’

‘‘ಹೇಳಿಸಿದವರು ನೀವ ಅಲ್ರಿ, ಮಾಸ್ತರ್ರ!’’

‘‘ನಾ ಏನ ಹೇಳಿಸಿದ್ನಿ? ಸುಮ್ಮನ ಇರು ಅಂದ್ನಿ. ವಯಸ್ಸಾದವರಿಗೆ ಅದನ್ನಬಾರದೇನು?’’ ಉಳಿದವರ ಕಡೆ ತಿರುಗಿದರು. ‘‘ನೋಡಿದ್ರ್ಯಾ? ಪೀಠದ ಮ್ಯಾಲೂ ಹೆಂಗಸು, ಗೋಡಿ ಹತ್ರಾನೂ ಹೆಂಗಸು. ಒಬ್ಬರಿಗೊಬ್ಬರು ಆತಕೊಂಡಾರ.’’ ಒಬ್ಬಿಬ್ಬರು ನಕ್ಕರು. ಚಹಾದ ತಟ್ಟೆ ಹಿಡಿದು ಒಳಬಾಗಿಲಲ್ಲಿ ನಿಂತಿದ್ದ ದೀನವ್ವ ನಗಲಿಲ್ಲ. ಚಹಾ ಯಾರಿಗೂ ಕೊಡದೆ ಹಾಗೇ ಒಳಗೆ ಒಯ್ದಳು.

ಬುಧವಾರ ಅಧ್ಯಕ್ಷರ ಪತ್ರ ಬಂತು. ಗುರುವಾರ ಮೊದಲ ಬಸ್ಸಿಗೆ ಆಕೆ ಹೋದಳು. ಟ್ರಂಕಿನ ಒಂದು ಕಡೆ ನಾನು ಹಿಡಿದೆ. ದಾರಿಯಲ್ಲಿ ನಾನು ಮಂಗಳವಾರದ ಮಾತು ಹೇಳಿದಾಗ ಆಕೆಗೆ ಸಿಟ್ಟು ಬಂತು; ಆರು ತಿಂಗಳಲ್ಲಿ ನಾನು ಕಂಡ ಒಂದೇ ಸಿಟ್ಟು. ‘‘ನಿಮ್ಮ ಮಾತ ಉಳಿಸಾಕಂತ ನಾ ಬಾಯಿ ಮುಚ್ಚಿಕೊಂಡು ನಿಂತ್ನಿ, ನೀವು ಹೋಗಿ ಚೆಲ್ಲಿ ಬಂದ್ರ್ಯಾ?’’ ಅಂದಳು. ಬಸ್ಸು ಹತ್ತುವಾಗ ಮಾತ್ರ ನನ್ನ ಎಡಗೈ ಒಮ್ಮೆ ಒತ್ತಿ ಹಿಡಿದು ಬಿಟ್ಟಳು.

ಭಾನುವಾರ ಬೆಳಿಗ್ಗೆ ಬಾಗಿಲು ಪಡುವಣ ಗೋಡೆಯಲ್ಲಿ ಸಿಕ್ಕಿತು. ಜನ ನಿಂತಿದ್ದರು. ನಾನು ಎದೆಯಲ್ಲಿದ್ದಷ್ಟು ದನಿ ತೆಗೆದು ‘‘ಇಲ್ಲೈತಿ!’’ ಎಂದು ಕೂಗಿದೆ. ಯಾರೂ ಮುಂದೆ ಬರಲಿಲ್ಲ. ಗಂಡಸರು ನನ್ನ ಕೈ ತೋರಿದ ಕಡೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘‘ಎಲ್ಲೈತಿ? ಗೋಡಿ ಐತಿ,’’ ಎಂದಿತು ಒಂದು ದನಿ. ಮತ್ತೊಮ್ಮೆ ಕೂಗಿದೆ.

ಆಗ ದೀನವ್ವ ಸೆರಗು ಹೊದ್ದು, ಗಂಡನ ಪಕ್ಕದಿಂದ ಮುಂದೆ ಬಂದು, ಹೊಸ್ತಿಲು ದಾಟಿ ಒಳಗೆ ಹೋದಳು. ಅವಳ ಹಿಂದೆ ಒಬ್ಬಳು, ಆಮೇಲೆ ಇಬ್ಬರು. ಒಟ್ಟು ಏಳು ಜನ ಹೆಂಗಸರು. ವಾರದಲ್ಲಿ ದೀನವ್ವ ಅವರ ಅಡುಗೆಮನೆಗಳಿಗೆ ಹೋಗಿ ಏನು ಹೇಳಿದ್ದಳೋ ನನಗೆ ಗೊತ್ತಿಲ್ಲ. ನಾನೂ ಒಳಗೆ ಹೋಗಿ ಕೂತೆ. ಬಾಗಿಲು ಹಾರು ಹೊಡೆದು ತೆರೆದೇ ಇತ್ತು. ಹೊರಗೆ ನಿಂತವರೆಲ್ಲ ನಮಗೆ ಕಾಣುತ್ತಿದ್ದರು, ನಾವು ಅವರಿಗೆ ಕಾಣುತ್ತಿರಲಿಲ್ಲ.

ಪೀಠದ ಹತ್ತಿರ ಯಾರೂ ಇರಲಿಲ್ಲ. ಆಮೇಲೆ ದೀನವ್ವ ಎದ್ದು ಹೋಗಿ, ಪೀಠ ಹತ್ತದೆ ಅದರ ಕೆಳಗೆ ನಿಂತು, ಬೈಬಲ್ ತೆರೆದಳು. ಸಾಲಿನ ಮೇಲೆ ಬೆರಳಿಟ್ಟು ತಡವರಿಸುತ್ತ ಓದತೊಡಗಿದಳು.

ಮಾಸ್ತರರು ಹೊಸ್ತಿಲ ಹತ್ತಿರಕ್ಕೆ ಬಂದರು. ನನ್ನಿಂದ ಒಂದು ಮೊಳ ದೂರ. ಅವರ ಕಣ್ಣು ನನ್ನ ಮೇಲೆ ಬಿದ್ದು, ಸುಣ್ಣದ ಗೋಡೆಯ ಮೇಲೆ ಜಾರಿದ ಹಾಗೆ ಜಾರಿ ಆಚೆ ಹೋಯಿತು. ಕೋಲಿನಿಂದ ಅಲ್ಲಿ ಇಲ್ಲಿ ತಟ್ಟಿ ನೋಡಿದರು.

‘‘ದೀನಾ,’’ ಎಂದು ಕರೆದರು. ‘‘ದೀನಾ, ಎಲ್ಲಿ ಹೋದಿ?’’

ದೀನವ್ವ ಒಮ್ಮೆ ತಲೆ ಎತ್ತಿ ಗಂಡನನ್ನು ನೋಡಿದಳು. ಬೆರಳು ಸಾಲಿನ ಮೇಲೇ ಇತ್ತು. ಮುಂದೆ ಓದಿದಳು.

ಹೊರಗೆ ಜನ ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿ ಹೊರಟರು. ಮಾಸ್ತರರು ಬಹಳ ಹೊತ್ತು ನಿಂತಿದ್ದರು. ನಮ್ಮ ಎರಡನೆಯ ಕೀರ್ತನೆ ಮುಗಿಯುವ ಹೊತ್ತಿಗೆ ಅವರೂ ಮನೆಗೆ ಹೋದರು. ಅಕ್ಕೋರು ಹೋಗಿ ಅಂದಿಗೆ ಮೂರು ದಿನ. ಅವರು ಹೊರಗಾದದ್ದು ಗುರುವಾರ, ಮಾಸ್ತರರು ಭಾನುವಾರ.